ಹಿತ್ಲಿಗೆ ಕರೀದೆ ಬಂದ ನೆಂಟ್ರು

ಮೊನ್ನೆ ಹೊಳಲ್ಕೆರೆ ಅತ್ತಿಗೆ ಫೋನಿಗೆ ಒಂದು ಫೋಟೊ ಕಳಿಸಿದ್ರು. ಅವರ ಹಿತ್ಲಿನ ದಾಸವಾಳದ್ದು. ಎಲೆ ಮೇಲೆಲ್ಲ ಕಾಡಿಗೆ ಬಳಿದಂಗೆ ಕಪ್ಪು. ಕೆಳಗೆ ಒಂದು ಸಾಲು: "ಇದ್ಯಾವ ರೋಗನೇ? ಔಷಧಿ ಅಂಗಡೀಲಿ ಏನು ಕೇಳ್ಲಿ?" ನಾನು ತಿರುಗಿ ಕೇಳಿದ್ದು ಒಂದೇ ಮಾತು. "ಅತ್ಗೆ, ಆ ಗಿಡದ ಮೇಲುಗಡೆ ತೆಂಗಿನ ಮರ ಐತಾ?" ಐತೆ ಅಂದ್ರು. "ಅಂಗಾದ್ರೆ ಅಂಗಡಿಗೆ ಹೋಗಬ್ಯಾಡ್ರಿ. ತಲೆ ಎತ್ತಿ ತೆಂಗಿನ ಗರಿ ಅಡಿ ನೋಡ್ರಿ" ಅಂದೆ.

ಯಾಕೆ ಅಂಗಂದೆ ಅನ್ನೋದನ್ನ ಕೊನೇಲಿ ಹೇಳ್ತೀನಿ. ಆ ಕರಿ ಎಲೆಗೆ ಒಂದು ಚರಿತ್ರೆ ಐತೆ, ಮೊದಲು ಅದನ್ನ ಹೇಳಬೇಕು. ನಮ್ಮ ಕಡೆ ಚರಿತ್ರೆ ಅಂದ್ರೆ ಕೋಟೆ, ಮದಕರಿ ನಾಯಕ, ಓಬವ್ವ. ಹಿತ್ಲಿಗೂ ಒಂದು ಚರಿತ್ರೆ ಇರ್ತದೆ ಅಂತ ಯಾರೂ ಅನ್ಕೊಳ್ಳಲ್ಲ. ಯಾವ ಹುಳ ಯಾವ ವರ್ಷ ಬಂತು, ಎಲ್ಲಿಂದ ಬಂತು, ನಾವು ಅದಕ್ಕೆ ಏನು ಮಾಡಿದ್ವಿ, ಮಾಡಿದ್ದರಲ್ಲಿ ಯಾವುದು ಸರಿ ಹೋಯ್ತು ಅನ್ನೋದನ್ನ ಬರೆದಿಟ್ಟೋರು ಕಮ್ಮಿ. ಅದಕ್ಕೇ ಹೊಸ ಹುಳ ಬಂದಾಗೆಲ್ಲ ಹಳೇ ತಪ್ಪನ್ನೇ ಮಾಡ್ತೀವಿ.

ಅಜ್ಜಿ ಕಾಲದಲ್ಲಿ

ನಮ್ಮೂರು ಹೊಸದುರ್ಗದ ಕಡೆ. ಮನೆ ಹಿಂದೆ 22 ತೆಂಗಿನ ಮರ, ಒಂದು ದೊಡ್ಡ ಬೇವಿನ ಮರ, ಪರಂಗಿ, ನುಗ್ಗೆ, ಕರಿಬೇವು, ಚಪ್ಪರಕ್ಕೆ ಹಬ್ಬಿಸಿದ ಅವರೆ, ಹೀರೆ. ಅಜ್ಜಿಗೆ ಗೊತ್ತಿದ್ದ ಕಾಟಗಳು ಬೆರಳಲ್ಲಿ ಎಣಿಸೋ ಅಷ್ಟು. ಅವರೆ ಕುಡಿಗೆ ಕರಿ ಹೇನು ಮುತ್ತಿದ್ರೆ ಇಬ್ಬನಿ ಆರೋಕೆ ಮುಂಚೆ ಒಲೆ ಬೂದಿ ಎರಚ್ತಿದ್ಲು. ತೆಂಗಿನ ಹೊಸ ಗರಿ ಬಿಚ್ಚಿದಾಗ ಕತ್ತರೀಲಿ ಕತ್ತರಿಸಿದಂಗೆ ಮೂಲೆ ಮೂಲೆ ಹೋಗಿದ್ರೆ ಅದು ತಿಪ್ಪೇಲಿ ಹುಟ್ಟೋ ದುಂಬಿ ಕೆಲಸ. ಮರ ಹತ್ತೋನು ಕಬ್ಬಿಣದ ಕೊಕ್ಕೇಲಿ ಅದನ್ನ ಎಳೆದು ಬಿಸಾಕಿ, ಸುಳಿ ಪಕ್ಕದ ಗರಿ ಬುಡಕ್ಕೆ ಉಪ್ಪು ಮರಳು ತುಂಬಿ ಇಳೀತಿದ್ದ. ಮೆಣಸಿನ ಗಿಡದ ಎಲೆ ಮುದುರಿದ್ರೆ "ಮುಟುರು ಬಂತು" ಅಂತ ಗಿಡಾನೇ ಕಿತ್ತು ದೂರ ಹಾಕೋದು. ಇದ್ಯಾವುದಕ್ಕೂ ಸೇರದೆ ಗಿಡ ಸೊರಗಿದ್ರೆ ಅದು ದೃಷ್ಟಿ. ಬಿಳಿ ಸುಣ್ಣದ ಬೊಟ್ಟಿಟ್ಟ ಮಡಕೆ ಒಂದು ಕೋಲಿಗೆ ಸಿಗಿಸಿದ್ರೆ ಮುಗೀತು.

ನಗಬ್ಯಾಡ್ರಿ. ಬೂದಿ, ಕೊಕ್ಕೆ, ರೋಗದ ಗಿಡ ಕಿತ್ತು ಹಾಕೋದು, ಮೂರೂ ಇವತ್ತಿಗೂ ಸರಿಯಾದ ಕೆಲಸಗಳೇ. ಅಜ್ಜಿ ಹತ್ರ ಇಲ್ಲದೆ ಇದ್ದದ್ದು ಒಂದೇ: ಕಣ್ಣಿಗೆ ಕಾಣದಷ್ಟು ಚಿಕ್ಕ ವೈರಿ ಇರ್ತಾನೆ ಅನ್ನೋ ವಿಚಾರ.

ಆ ವಿಚಾರ ಮೈಸೂರು ಸೀಮೆ ತೋಟಗಳಿಗೆ ಬಂದಿದ್ದು ಅಡಿಕೆ ಮೂಲಕ. ಮಲೆನಾಡಲ್ಲಿ ಮಳೆಗಾಲಕ್ಕೆ ಅಡಿಕೆ ಗೊನೇಲಿ ಕಾಯಿ ಕೊಳೆತು ಉದುರ್ತಾವಲ್ಲ, ಅದೇ ಕೊಳೆರೋಗ. ಅಲ್ಲಿನೋರು ಗೊನೆಗೆ ಮಳೆ ನೀರು ತಾಗದಂಗೆ ಕೊಟ್ಟೆ ಕಟ್ತಿದ್ರು. ಮಳೇಲಿ ಒಂದೊಂದೇ ಮರ ಹತ್ತಿ, ಒಂದೊಂದೇ ಗೊನೆಗೆ ಕಟ್ಟೋ ಕೆಲಸ. 1908ರಲ್ಲಿ ಮೈಸೂರು ಸರ್ಕಾರ ಕೆನಡಾದ ಲೆಸ್ಲಿ ಕೋಲ್ಮನ್ ಅನ್ನೋರನ್ನ ಗಿಡದ ರೋಗ ಮತ್ತು ಕೀಟ ನೋಡೋ ಕೆಲಸಕ್ಕೆ ಕರೆಸಿಕೊಳ್ತು. ಅವರು ಕೊಳೆತ ಕಾಯನ್ನ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಇದು ಬೂಜಿನಂಥ ಒಂದು ಜೀವಿಯಿಂದ ಬರೋದು ಅಂತ ತೋರಿಸಿದ್ರು. 1910ರಲ್ಲಿ ಅದರ ಮೇಲೆ ಪುಸ್ತಕಾನೇ ಬರೆದ್ರು. ಮದ್ದು ಅಂತ ಹೇಳಿದ್ದು ಮೈಲುತುತ್ತ, ಸುಣ್ಣ ಸೇರಿಸಿದ ನೀಲಿ ನೀರು. ಅದೇ ಬೋರ್ಡೋ ದ್ರಾವಣ.

ಆ ನೀಲಿ ನೀರಿನ ಕಥೆ ಚೆನ್ನಾಗೈತೆ. ಫ್ರಾನ್ಸಿನ ಬೋರ್ಡೋ ಕಡೆ ದಾರಿ ಪಕ್ಕದ ದ್ರಾಕ್ಷಿ ಬಳ್ಳಿಗೆ ರೈತರು ಇದನ್ನ ಚೆಲ್ತಿದ್ದಿದ್ದು ರೋಗಕ್ಕಲ್ಲ, ದಾರೀಲಿ ಹೋಗೋರು ಹಣ್ಣು ಕದೀಬಾರದು ಅಂತ. ಬಣ್ಣ ನೋಡಿ ಯಾರೂ ಮುಟ್ತಿರಲಿಲ್ಲ. ಮಿಲಾರ್ಡೆ ಅನ್ನೋ ವಿಜ್ಞಾನಿ ನೋಡ್ತಾರೆ, ಬೂಜು ರೋಗಕ್ಕೆ ಒಳಗಿನ ಬಳ್ಳಿ ಎಲ್ಲ ಸತ್ತಾವೆ, ದಾರಿ ಪಕ್ಕದವು ಮಾತ್ರ ಹಸಿರಾಗಿ ನಿಂತಾವೆ. 1885ರಲ್ಲಿ ಅದನ್ನ ಮದ್ದು ಅಂತ ಜಗತ್ತಿಗೆ ಹೇಳಿದ್ರು. ನಮ್ಮ ಒಂದು ಗುಲಾಬಿಗೋ ನಿಂಬೆ ಗಿಡಕ್ಕೋ ಬೇಕಂದ್ರೆ 10 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಲ್ಲಿ, 10 ಗ್ರಾಂ ಸುಣ್ಣ ಇನ್ನರ್ಧ ಲೀಟರಲ್ಲಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಸುರೀತಾ ಕಲಸೋದು. ಪ್ಲಾಸ್ಟಿಕ್ ಬಕೀಟೇ ಆಗಬೇಕು, ಕಬ್ಬಿಣದ್ದು ಬ್ಯಾಡ. ಹೊಳೆಯೋ ಚಾಕು ಅದ್ದಿ ನೋಡ್ರಿ. ಚಾಕು ಕೆಂಪಗಾದ್ರೆ ಇನ್ನಷ್ಟು ಸುಣ್ಣ ಬೇಕು ಅಂತ. ಮಾಡಿದ ದಿನಾನೇ ಬಳಸಿ ಮುಗಿಸಬೇಕು.

ಆದ್ರೆ ಇದು ಬೂಜಿನ ಜಾತಿ ರೋಗಕ್ಕೆ ಮದ್ದು, ಹುಳಕ್ಕಲ್ಲ. ಕೋಲ್ಮನ್ ಕಾಲದಿಂದ ಕಲಿಯಬೇಕಾದ ಮೊದಲ ಪಾಠ ಇದೇ: ಕೊಳೀತಿರೋದಾ, ಯಾರಾದ್ರೂ ತಿಂತಿರೋದಾ, ಮೊದಲು ಅದನ್ನ ನೋಡು. ನಾವು ಆ ಪಾಠ ಕಲಿಯೋಕೆ ಇನ್ನೂ ತೊಂಬತ್ತು ವರ್ಷ ತಗೊಂಡ್ವಿ.

ನುಸಿ ಬಂದ ವರ್ಷ

1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೇಲಿ ತೆಂಗಿನಕಾಯಿ ಮೇಲೆ ಒಂದು ಹೊಸ ಕಾಟ ಕಾಣಿಸ್ಕೊಳ್ತು. ನಮ್ಮ ದೇಶದಲ್ಲಿ ಅದೇ ಮೊದಲು. ಅದರ ಮೂಲ ಹುಡುಕಿದ್ರೆ ಮೆಕ್ಸಿಕೋ ದೇಶದ ಗೆರೆರೊ ಅನ್ನೋ ಸೀಮೆ. 1965ರಲ್ಲಿ ಅಲ್ಲಿ ಸಿಕ್ಕಿದ್ದರಿಂದ ಆ ಊರಿನ ಹೆಸರನ್ನೇ ಅದಕ್ಕೆ ಇಟ್ಟಿದ್ರು. ನಮ್ಮೋರು ಇಟ್ಟ ಹೆಸರು ನುಸಿ. ಕೇರಳಕ್ಕೆ ಬಂದ ಒಂದೆರಡು ವರ್ಷದಲ್ಲೇ ತುಮಕೂರು, ಹಾಸನ, ನಮ್ಮ ಹೊಸದುರ್ಗ, ಹಿರಿಯೂರು ತೋಟಗಳಲ್ಲೆಲ್ಲ ನುಸಿ ಮಾತೇ ಮಾತು.

ಅದರ ಉದ್ದ ಒಂದು ಮಿಲಿಮೀಟರಿನ ಐದರಲ್ಲಿ ಒಂದು ಪಾಲು. ಬರೀ ಕಣ್ಣಿಗೆ ಕಾಣಲ್ಲ. ಗಾಳೀಲಿ ತೇಲಿ ಮರದಿಂದ ಮರಕ್ಕೆ ಹೋಗ್ತದೆ. ಎಳೆ ಕಾಯಿ ತಲೆ ಮೇಲೆ ಟೋಪಿ ಥರ ತೊಟ್ಟಿನ ಎಸಳು ಇರ್ತಾವಲ್ಲ, ಆ ಎಸಳಿಗೂ ಕಾಯಿಗೂ ನಡುವಿನ ಕಿಂಡೀಲಿ ನುಸುಳಿ ಒಳಗೇ ಸಂಸಾರ ಹೂಡ್ತದೆ. ಕಿಂಡೀಲಿ ನುಗ್ಗಿದ ಶತ್ರು ಕಥೆ ನಮ್ಮ ಜಿಲ್ಲೆಯೋರಿಗೆ ಹೊಸದಲ್ಲ, ಆದ್ರೆ ಈ ಕಿಂಡಿ ಹತ್ರ ಒನಕೆ ಹಿಡಿದು ನಿಲ್ಲೋಕಾಗಲ್ಲ. ಒಂದು ತಲೆಮಾರು ಹುಟ್ಟಿ ಬೆಳೆದು ಮೊಟ್ಟೆ ಇಡೋಕೆ ವಾರ ಹತ್ತು ದಿನ ಸಾಕು.

ಗುರುತು ಹಿಡಿಯೋದು ಹಿಂಗೆ. ಎಳೆ ಕಾಯಿ ತೊಟ್ಟಿನ ಕೆಳಗೆ ಮೊದಲು ಬಿಳಿಚಿದ ಮೂರು ಮೂಲೆ ಮಚ್ಚೆ. ಅದು ಕಂದಾಗಿ, ಕಾಯಿ ದೊಡ್ಡದಾಗ್ತಾ ಸೀಳು ಬಿಟ್ಟು ಕಜ್ಜಿ ಹತ್ತಿದಂಗಾಗ್ತದೆ. ಕೆಲವು ಸಲ ಅಂಟು ಸುರೀತದೆ. ಹರಳು ಉದುರ್ತಾವೆ. ಉಳಿದ ಕಾಯಿ ಸಣ್ಣಗಾಗಿ ಸೊಟ್ಟಗಾಗ್ತವೆ, ಮಟ್ಟೆ ಕಲ್ಲಾಗ್ತದೆ. ನಮ್ಮ ಅಮ್ಮ ಒಂದು ಏಟಿಗೆ ಹಾರೆಗೆ ಹಾಕಿ ಕಾಯಿ ಸುಲಿಯೋಳು. ನುಸಿ ಕಾಯಿ ಬಂದ ಮೇಲೆ ಅವಳ ಅಂಗೈ ಸಿಪ್ಪೆ ಎದ್ದಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂಗೈತೆ.

ಆಗ ನಾನು ದುರ್ಗದಲ್ಲಿ ಪಿಯುಸಿ ಓದ್ತಿದ್ದೆ. ನನ್ನ ಹಾಸ್ಟೆಲ್ ದುಡ್ಡು ಬರ್ತಿದ್ದಿದ್ದು ಹೊಲದಿಂದಲ್ಲ, ಅಮ್ಮನ ಅಟ್ಟದಿಂದ. ಅಟ್ಟದ ಮೇಲೆ ಕಾಯಿ ಒಣಗಿಸಿ ಕೊಬ್ಬರಿ ಮಾಡಿ ತಿಪಟೂರಿಗೆ ಹೋಗೋ ಗಾಡಿಗೆ ಹಾಕಿದ್ರೆ ಆ ದುಡ್ಡು ಅವಳದ್ದು. ಅಪ್ಪ ಕೇಳ್ತಿರಲಿಲ್ಲ. ನುಸಿ ಬಂದ ಮೇಲೆ ಅಟ್ಟ ಅರ್ಧ ಖಾಲಿ. ಅದರ ಜೊತೆಗೆ 2001ರಿಂದ ಮೂರು ವರ್ಷ ಸತತ ಬರ. ನೀರಿಲ್ಲದ ಮರಕ್ಕೆ ನುಸಿ ಬಂದ್ರೆ ಕಾಯಿಲೆ ಮನುಷ್ಯಗೆ ಉಪವಾಸಾನೂ ಸೇರಿದಂಗೆ.

ನುಸಿ ಬರೀ ಹಿತ್ಲಿನ ಸುದ್ದಿ ಆಗಿರಲಿಲ್ಲ ಅನ್ನೋಕೆ ಒಂದು ಸಾಕ್ಷಿ ಹೇಳ್ತೀನಿ. ಕಾಯಿ ಕೈಕೊಟ್ಟ ಮೇಲೆ, ಮರದಿಂದ ನೀರಾ ಇಳಿಸೋಕಾದ್ರೂ ಬಿಡ್ರಿ ಅಂತ ರೈತರು ಹೋರಾಟಕ್ಕಿಳಿದ್ರು. 2001ರ ಅಕ್ಟೋಬರಿನಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳೀಲಿ ಗೋಲಿಬಾರ್ ಆಗಿ ಇಬ್ಬರು ರೈತರು ಪ್ರಾಣ ಬಿಟ್ರು. ಕಣ್ಣಿಗೆ ಕಾಣದ ನುಸಿ ಕೊನೆಗೆ ಅಲ್ಲಿಗೆ ತಂದು ನಿಲ್ಲಿಸ್ತು.

ಬೇರಿಗೆ ಉಣಿಸಿದ ವಿಷ

ಅಷ್ಟೆತ್ತರದ ಮರಕ್ಕೆ ಔಷಧಿ ಹೊಡೆಯೋದು ಕಷ್ಟ ಅಂತ ಆಗ ಹೇಳಿಕೊಟ್ಟಿದ್ದು ಬೇರಿನ ಮೂಲಕ ಉಣಿಸೋದು. ಬುಡ ಬಗೆದು ಪೆನ್ಸಿಲ್ ದಪ್ಪದ ಜೀವಂತ ಬೇರು ಹುಡುಕಿ, ಓರೆಯಾಗಿ ಕೊಯ್ದು, ಮಾನೋಕ್ರೊಟೊಫಾಸ್ ಬೆರೆಸಿದ ನೀರಿರೋ ಪ್ಲಾಸ್ಟಿಕ್ ಚೀಲಕ್ಕೆ ಅದರ ತುದಿ ಇಳಿಸಿ ಕಟ್ಟೋದು. ಒಂದು ದಿನದಲ್ಲಿ ಮರ ಕುಡಿದುಬಿಡ್ತದೆ. ಕಟ್ಟೋಕೆ ಮುಂಚೆ ಬಲಿತ ಕಾಯಿ ಇಳಿಸ್ಕೋಬೇಕು, ಆಮೇಲೆ 45 ದಿನ ಎಳನೀರೂ ಬ್ಯಾಡ ಕಾಯೂ ಬ್ಯಾಡ. ಇದು ನಿಯಮ.

ಅಪ್ಪ ಎಂಟು ಮರಕ್ಕೆ ಕಟ್ಟಿದ್ರು. ಅಮ್ಮ ಆ ಎಂಟಕ್ಕೂ ಹಳೇ ಸೀರೆ ಹರಿದು ಕೆಂಪು ಬಟ್ಟೆ ಕಟ್ಟಿದ್ಲು. ಆಗ ನಮ್ಮಕ್ಕ ಬಾಣಂತಿ, ಮನೇಲೇ ಇದ್ಲು. ಹತ್ತು ಹನ್ನೆರಡು ದಿನ ಆಗಿರಬೇಕು, ಪಕ್ಕದ ಮನೆ ಹುಡುಗ ಪಾಪ ಒಳ್ಳೇದಕ್ಕೇ "ಅಕ್ಕನಿಗೆ ಎಳನೀರು" ಅಂತ ನಾಕು ಕೆಡವಿಕೊಂಡು ಬಂದ. ಯಾವ ಮರ ಅಂದ್ರೆ ಗೊತ್ತಿಲ್ಲ. ಗಾಳಿಗೆ ಎರಡು ಮರದ ಬಟ್ಟೆ ಬಿಚ್ಚಿಹೋಗಿತ್ತು. ಅಮ್ಮ ಒಂದು ಮಾತೂ ಆಡದೆ ನಾಕೂ ಎಳನೀರು ತಗೊಂಡು ಹೋಗಿ, ದನ ಕರ ಬರದ ಕಡೆ ಗುಂಡಿ ತೋಡಿ, ಕೊಚ್ಚಿ ಸುರಿದು ಮುಚ್ಚಿದ್ಲು. ಬಂದು ಕೈ ತೊಳ್ಕೊಂಡು ಅಪ್ಪನಿಗೆ ಅಂದಿದ್ದು ಇಷ್ಟೇ: "ಮನೇಲಿ ಬಾಣಂತಿ ಇರೋವಾಗ ಮರಕ್ಕೆ ವಿಷ ಉಣಿಸಿ ಕಾಯಿ ಲೆಕ್ಕ ಮಾಡೋಕೆ ನನ್ನ ಕೈಲಾಗಲ್ಲ."

ಅವಳು ಹೆದರಿದ್ದು ಹೆಚ್ಚಾಯ್ತು ಅಂತ ನಾನು ಎಷ್ಟೋ ವರ್ಷ ಅನ್ಕೊಂಡಿದ್ದೆ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆ ಗಂಡಾಮನ್ ಅನ್ನೋ ಊರಲ್ಲಿ ಶಾಲೆ ಬಿಸಿಯೂಟ ತಿಂದು 23 ಮಕ್ಕಳು ಸತ್ತಿದ್ದು ನೆನಪೈತಾ? ಅಡುಗೆ ಎಣ್ಣೇಲಿ ಸಿಕ್ಕಿದ್ದು ಇದೇ ಮಾನೋಕ್ರೊಟೊಫಾಸ್. ಆ ಸುದ್ದಿ ಟಿವೀಲಿ ಬಂದ ದಿನ ಅಮ್ಮನ ಕೆಂಪು ಬಟ್ಟೆ ನೆನಪಾಯ್ತು. ಇವತ್ತಿಗೂ ನಮ್ಮ ಎಷ್ಟೋ ಮನೇಲಿ ಔಷಧಿ ಡಬ್ಬಿ ತೊಳೆದು ಸೀಮೆಎಣ್ಣೆಗೋ ಕಾಳಿಗೋ ಇಟ್ಕೊಂಡಿರ್ತಾರೆ. ಅಕ್ಕಂದಿರೇ, ದಯವಿಟ್ಟು ಬ್ಯಾಡ. ಅದನ್ನ ತೂತು ಮಾಡಿ, ಯಾರೂ ತಿರುಗಿ ಬಳಸದಂಗೆ ಮಾಡಿಬಿಡ್ರಿ.

ಆಮೇಲೆ ಅಮ್ಮ ಹಿಡಿದಿದ್ದು ಬೇವು, ಬೆಳ್ಳುಳ್ಳಿ. ಇದು ಅವಳ ತಲೇಲಿ ಹುಟ್ಟಿದ್ದಲ್ಲ, ತೆಂಗಿನ ಸಂಶೋಧನೆಯೋರೇ ಹೇಳಿದ್ದು. ಒಂದು ಲೀಟರ್ ನೀರಿಗೆ 20 ಮಿಲಿ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ ಅರೆದು ಸೋಸಿದ ರಸ, 5 ಗ್ರಾಂ ಬಟ್ಟೆ ಸೋಪು ಬಿಸಿನೀರಲ್ಲಿ ಕರಗಿಸಿದ್ದು. ಸೋಪು ಇಲ್ಲದಿದ್ರೆ ಎಣ್ಣೆ ನೀರಿಗೆ ಬೆರೆಯಲ್ಲ. ವರ್ಷಕ್ಕೆ ಮೂರು ಸಲ, ಎರಡರಿಂದ ಆರು ತಿಂಗಳ ಎಳೆ ಕಾಯಿ ಗೊಂಚಲಿಗೆ, ತೊಟ್ಟಿನ ಹತ್ರ ಬೀಳಂಗೆ ಹೊಡೀಬೇಕು. ಜೊತೆಗೆ ಬುಡಕ್ಕೆ ಕೊಟ್ಟಿಗೆ ಗೊಬ್ಬರ, ವರ್ಷಕ್ಕೆ ಮರಕ್ಕೆ 5 ಕೆ.ಜಿ. ಬೇವಿನ ಹಿಂಡಿ. ನುಸಿ ಹೋಯ್ತಾ ಅಂದ್ರೆ, ಹೋಗಲಿಲ್ಲ. ಇವತ್ತಿಗೂ ಐತೆ. ಆದ್ರೆ ವರ್ಷದಿಂದ ವರ್ಷಕ್ಕೆ ಹಾವಳಿ ತಗ್ತು. ಅದಕ್ಕೆ ಅಮ್ಮನ ಬೆಳ್ಳುಳ್ಳಿ ಒಂದೇ ಕಾರಣ ಅಲ್ಲ. ನುಸಿಯನ್ನೇ ತಿನ್ನೋ ಬೇರೆ ಜಾತಿ ನುಸಿಗಳು, ನುಸಿಗೆ ರೋಗ ತರೋ ಒಂದು ಬೂಜು, ಇವೂ ಅದೇ ತೊಟ್ಟಿನಡಿ ಇರ್ತಾವೆ. ವಿಷ ಹಾಕಿದ್ರೆ ಅವೂ ಸಾಯ್ತಾವೆ. ಇದು ನಮಗೆ ಆಗ ಗೊತ್ತಿರಲಿಲ್ಲ.

ಪರಂಗಿಗೆ ಪರಂಗಿ ಹುಳ

ಎರಡನೇ ನೆಂಟ ಬಂದಿದ್ದು 2008ರಲ್ಲಿ, ಕೊಯಮತ್ತೂರಿಗೆ. ಪಪ್ಪಾಯ ಹಿಟ್ಟು ತಿಗಣೆ. ಇದರ ತವರೂ ಮೆಕ್ಸಿಕೋ ಕಡೇನೇ. ನಾವು ಪಪ್ಪಾಯಕ್ಕೆ ಪರಂಗಿ ಅಂತ ಯಾಕಂತೀವಿ? ಪರಂಗಿಯೋರು ತಂದ ಹಣ್ಣು ಅದು. ಹಣ್ಣು ಬಂದು ನಾನೂರು ವರ್ಷದ ಮೇಲಾಯ್ತು, ಅದನ್ನ ತಿನ್ನೋ ಹುಳ ಇಷ್ಟು ತಡವಾಗಿ ದಾರಿ ಹುಡುಕ್ಕೊಂಡು ಬಂತು. ಬಂದಿದ್ದೇ ತಡ ಪರಂಗಿ, ದಾಸವಾಳ, ಸೀಬೆ, ಹಿಪ್ಪುನೇರಳೆ, ಹತ್ತಿ, ಒಂದನ್ನೂ ಬಿಡಲಿಲ್ಲ. ಎಲೆ ಕೆಳಗೆ, ಕಾಯಿ ಮೇಲೆ ಅಕ್ಕಿ ಹಿಟ್ಟು ಚೆಲ್ಲಿದಂಗೆ ಬೆಳ್ಳಗೆ. ಮುಟ್ಟಿದ್ರೆ ಅಂಟಂಟು. ಗಿಡದ ಮೇಲೆ ಇರುವೆ ಸಾಲು ಹತ್ತಿ ಇಳೀತಿದ್ರೆ ಹಿಟ್ಟು ತಿಗಣೆ ಐತೆ ಅಂತಾನೇ ಲೆಕ್ಕ. ಅದು ಬಿಡೋ ಸಿಹಿ ನೀರಿಗೆ ಇರುವೆ ಬರೋದು, ಬಂದಿದ್ದು ಕಾವಲೂ ಕಾಯ್ತವೆ.

ಜನ ಸಿಕ್ಕಿದ್ದೆಲ್ಲ ಹೊಡೆದ್ರು. ಮೈ ಮೇಲೆ ಮೇಣದ ಹಿಟ್ಟಿರೋದ್ರಿಂದ ಔಷಧಿ ತಾಗಲೇ ಇಲ್ಲ. ಆಗ ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆಯೋರು ಬೇರೆ ದಾರಿ ಹಿಡಿದ್ರು. ತವರಲ್ಲಿ ಈ ಹುಳ ಯಾಕೆ ಊರು ಹಾಳು ಮಾಡಲ್ಲ? ಅಲ್ಲಿ ಅದಕ್ಕೊಬ್ಬ ವೈರಿ ಇದ್ದಾನೆ. ನಮ್ಮಲ್ಲಿಗೆ ಹುಳ ಬಂತು, ವೈರಿ ಬರಲಿಲ್ಲ. 2010ರಲ್ಲಿ ಪೋರ್ಟೊ ರಿಕೊ ದ್ವೀಪದಿಂದ ಗುಂಡುಸೂಜಿ ತಲೆಗಿಂತ ಚಿಕ್ಕ ಕಣಜಗಳನ್ನ ತರಿಸಿ, ಸಾಕಿ, ತಮಿಳುನಾಡು, ಕರ್ನಾಟಕದಲ್ಲೆಲ್ಲ ಬಿಟ್ರು. ಈ ಕಣಜ ಮನುಷ್ಯರನ್ನ ಕಚ್ಚಲ್ಲ. ಹಿಟ್ಟು ತಿಗಣೆ ಹೊಟ್ಟೆಯೊಳಗೇ ಮೊಟ್ಟೆ ಇಡ್ತದೆ, ಮರಿ ಒಳಗಿಂದ ತಿಂದು ಹೊರಗೆ ಬರ್ತದೆ. ಕೆಲವೇ ತಿಂಗಳಲ್ಲಿ ಹಾವಳಿ ಇಳೀತು. ಯಾವ ಡಬ್ಬಿ ಔಷಧಿಯೂ ಮಾಡದ ಕೆಲಸ.

ನಮಗೆ ಬೇಕಾದ ಗುರುತು ಇದು: ಹಿಟ್ಟು ತಿಗಣೆ ಗುಂಪಲ್ಲಿ ಕೆಲವು ಉಬ್ಬಿ ಕಂದಾಗಿ, ಮೈ ಮೇಲೆ ದುಂಡನೆ ತೂತು ಬಿದ್ದಿದ್ರೆ ಕಣಜ ಬಂದಾಗಿದೆ. ಅಂಥ ಗಿಡಕ್ಕೆ ಏನೂ ಹೊಡೀಬ್ಯಾಡ್ರಿ. ಇಲ್ಲದಿದ್ರೆ ಮುತ್ತಿದ ಕುಡಿ ಕತ್ತರಿಸಿ ಸುಡ್ರಿ, ಉಳಿದದ್ದಕ್ಕೆ ಸೋಪು ನೀರು, ಬುಡಕ್ಕೆ ಇರುವೆ ಬರದಂಗೆ ನೋಡ್ಕೊಳ್ರಿ.

ಅತ್ತಿಗೆ ದಾಸವಾಳ

ಈಗ ಆ ಕರಿ ಎಲೆಗೆ ಬರ್ತೀನಿ. ಮೂರನೇ ನೆಂಟ 2016ರಲ್ಲಿ ಪೊಳ್ಳಾಚಿ ಕಡೆ ಕಾಣಿಸ್ಕೊಂಡ ಸುರುಳಿ ಬಿಳಿ ನೊಣ. ಇದನ್ನ ಜಗತ್ತು ಮೊದಲು ಗುರುತಿಸಿದ್ದು ಮೆಕ್ಸಿಕೋ ಪಕ್ಕದ ಬೆಲಿಜ್ ದೇಶದಲ್ಲಿ. ತೆಂಗಿನ ಗರಿ ಅಡಿ ಬಿಳಿ ಮೇಣದಲ್ಲಿ ರಂಗೋಲಿ ಸುರುಳಿ ಬಿಟ್ಟಂಗೆ ಮೊಟ್ಟೆ ಇಡ್ತದೆ. ಗರಿ ರಸ ಹೀರಿ ಸಿಹಿ ಅಂಟು ಸುರಿಸ್ತದೆ. ಆ ಅಂಟು ಕೆಳಗಿನ ದಾಸವಾಳ, ಬಾಳೆ, ಕರಿಬೇವು, ಕೊನೆಗೆ ಒಗೆದು ಹಾಕಿದ ಬಟ್ಟೆ ಮೇಲೂ ಬೀಳ್ತದೆ. ಅಂಟು ಬಿದ್ದ ಕಡೆ ಕರಿ ಬೂಜು ಬೆಳೀತದೆ. ಅತ್ತಿಗೆ ಕಂಡಿದ್ದು ಆ ಬೂಜು. ದಾಸವಾಳಕ್ಕೆ ರೋಗಾನೇ ಇಲ್ಲ. ಅವರು ಅಂಗಡಿಗೆ ಹೋಗಿದ್ರೆ ಬೂಜಿಗೊಂದು, ಹುಳಕ್ಕೊಂದು ಅಂತ ಎರಡು ಬಾಟ್ಲಿ ತಂದು ತಪ್ಪು ಗಿಡಕ್ಕೆ ಹೊಡೀತಿದ್ರು.

ಇದಕ್ಕೂ ಒಂದು ಸಣ್ಣ ಕಣಜ ವೈರಿ ಐತೆ, ಯಾರೂ ತರಿಸದೆ ತಾನೇ ನಮ್ಮ ತೋಟಗಳಲ್ಲಿ ಸೇರ್ಕೊಂಡಿದೆ. ಕಣಜ ಹಿಡಿದ ಬಿಳಿ ನೊಣದ ಮರಿ ಕಪ್ಪಗಾಗ್ತದೆ. ಅಂಥ ಗರಿ ತುಂಡು ಸಿಕ್ಕಿದ್ರೆ ಹೊಸದಾಗಿ ಹಾವಳಿ ಬಂದ ಮರಕ್ಕೆ ಕಟ್ಟಿ ಬರಬಹುದು. ಅದಕ್ಕೇ ಇದಕ್ಕೆ ವಿಷ ಹೊಡೀಬ್ಯಾಡ್ರಿ ಅಂತ ಕೃಷಿ ವಿಜ್ಞಾನಿಗಳೇ ಹೇಳೋದು. ಎಟುಕೋ ಗರಿಗೆ ರಭಸವಾಗಿ ನೀರು ಬಿಡೋದು, ಎಣ್ಣೆ ಸವರಿದ ಹಳದಿ ಹಾಳೆ ಕಟ್ಟೋದು, ತೀರಾ ಹೆಚ್ಚಾದ್ರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪು. ಕರಿ ಬೂಜಿಗೆ ಮದ್ದು ಏನು ಗೊತ್ತಾ? ಗಂಜಿ! ಲೀಟರಿಗೆ 10 ಗ್ರಾಂ ಮೈದಾ ಕುದಿಸಿ ಆರಿಸಿದ ತೆಳ್ಳನೆ ಗಂಜಿ ಸಿಂಪಡಿಸಿದ್ರೆ, ಬಿಸಿಲಿಗೆ ಒಣಗಿ ಸಿಪ್ಪೆ ಎದ್ದು ಬೂಜಿನ ಸಮೇತ ಉದುರ್ತದೆ.

ಅತ್ತಿಗೆಗೆ ಇಷ್ಟೂ ಹೇಳಿದೆ. ನಾಕು ದಿನ ಬಿಟ್ಟು ಇನ್ನೊಂದು ಫೋಟೊ ಬಂತು. ದಾಸವಾಳದ ಎಲೆ ಅರ್ಧ ಹಸಿರು, ಅರ್ಧ ಸಿಪ್ಪೆ ಏಳ್ತಿತ್ತು. ಜೊತೆಗೆ ಗರಿ ಅಡಿಯ ಬಿಳಿ ಸುರುಳಿ, ನಡುವೆ ಎರಡು ಮೂರು ಕರಿ ಚುಕ್ಕೆ. "ಈ ಕರೀವು ಇರಲೋ, ತೆಗೀಲೋ?" ಅಂತ ಕೇಳಿದ್ರು.

"ಇರಲಿ ಅತ್ಗೆ, ಅವು ನಮ್ಮ ಕಡೆಯೋರು" ಅಂದೆ.

ಅಮ್ಮ ಪಕ್ಕದಲ್ಲೇ ಕೂತು ಕೇಳಿಸ್ಕೊಳ್ತಿದ್ಲು. ಅವಳ 22 ಮರದಲ್ಲಿ ಈಗ 17 ಉಳಿದಾವೆ. ಕಾಯಿ ಮೊದಲಿಗಿಂತ ಸಣ್ಣ, ಆದ್ರೂ ಅಟ್ಟ ತುಂಬ್ತದೆ. ಅಕ್ಕನ ಮಗಳು, ಆವತ್ತಿನ ಆ ಕೂಸು, ರಜೆಗೆ ಬಂದಾಗ ಯಾವ ಮರದ್ದಾದ್ರೂ ಎಳನೀರು ಕೆಡವಿ ಕುಡೀತಾಳೆ. ಯಾವ ಮರಕ್ಕೂ ಕೆಂಪು ಬಟ್ಟೆ ಇಲ್ಲ.